ಪೂರ್ತಿ ಒಂದು ನಿಮಿಷ

ಕಾಲರಿನ ಒಂದು ಮೂಲೆ ಇನ್ನೂ ಹಸಿಯಾಗಿತ್ತು. ವಿದ್ಯಾರ್ಥಿನಿ ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೆ ಒತ್ತಿ ಹಿಡಿದಾಗ ಬಿಸಿ ಹಬೆ ಎದ್ದು ಮುಖಕ್ಕೆ ಬಡಿಯಿತು. ಅಡುಗೆಮನೆಯ ಮೇಜಿಗೆ ಹಳೆಯ ಕಂಬಳಿ ಹೊದಿಸಿ ಅದರ ಮೇಲೆ ಬಿಳಿ ಕೋಟು ಹರಡಿದ್ದರು. ಕೋಟಿನ ಒಡತಿ ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಹನ್ನೊಂದಕ್ಕೆ ವಾಹನ ಬರುವುದಿತ್ತು, ಆಗಲೇ ಒಂಬತ್ತೂವರೆ ದಾಟಿತ್ತು.

"ಹಾಗೆ ಒತ್ತಿದ್ರೆ ಅವಳು ಎದ್ದು ಬಂದು ಇನ್ನೊಂದ್ಸಲ ನೀರಿಗೆ ಹಾಕ್ತಾಳೆ ನೋಡು" ಎಂದಳು ಬಾಗಿಲಲ್ಲಿ ನಿಂತ ಆಯಾ. "ಮೊದಲು ಒಳಮಗ್ಗುಲು, ಆಮೇಲೆ ಹೊರಗೆ. ಮೂಲೆಯಿಂದ ನಡುವಿಗೆ."

ಆಯಾ ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷದಿಂದ ನೆಲ ಒರೆಸುತ್ತ ಬಂದವಳು. ಅಳು ಬಂದಾಗಲೆಲ್ಲ ಯಾರನ್ನಾದರೂ ಬೈಯುವುದು ಅವಳ ಪದ್ಧತಿ. ಬೆಳಗ್ಗೆಯಿಂದ ವಾಹನದವನನ್ನು, ಹೂವಿನವನನ್ನು, ಬಾಗಿಲ ಮುಂದೆ ಅಡ್ಡಾದಿಡ್ಡಿ ಬಿಟ್ಟ ಚಪ್ಪಲಿಗಳನ್ನು ಬೈದು ಮುಗಿಸಿ ಈಗ ವಿದ್ಯಾರ್ಥಿನಿಯ ಹತ್ತಿರ ಬಂದಿದ್ದಳು.

ಸತ್ತವಳು ಆ ವಾರ್ಡಿನ ಹಿರಿಯ ನರ್ಸು. ಇಡೀ ಆಸ್ಪತ್ರೆ ಅವಳನ್ನು ನಿಮಿಷದಕ್ಕ ಎಂದೇ ಕರೆಯುತ್ತಿತ್ತು. ಬಸುರಿಯ ಹೊಟ್ಟೆಗೆ ಮರದ ಕೊಳವೆಯಿಟ್ಟು, ಅದರ ಇನ್ನೊಂದು ತುದಿಗೆ ಕಿವಿ ಹಚ್ಚಿ, ಮಗುವಿನ ಎದೆಬಡಿತವನ್ನು ಪೂರ್ತಿ ಒಂದು ನಿಮಿಷ ಎಣಿಸುವವಳು ಅವಳೊಬ್ಬಳೇ. ಉಳಿದವರು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದರು, ಇಲ್ಲವೇ ಅಂಗೈಯಗಲದ ಯಂತ್ರ ತೋರಿಸಿದ ಅಂಕಿಯನ್ನು ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಅವಳು ಎಣಿಸುವ ಹೊತ್ತಿನಲ್ಲಿ ಯಾರು ಏನು ಕೇಳಿದರೂ, ಡಾಕ್ಟರೇ ಬಂದು ನಿಂತರೂ, ತಲೆಯೆತ್ತದೆ "ಒಂದು ನಿಮಿಷ" ಅನ್ನುತ್ತಿದ್ದಳು. ವಾರ್ಡೂ ಅದಕ್ಕೆ ಒಗ್ಗಿಹೋಗಿತ್ತು. ನಿಮಿಷದಕ್ಕ ಬಾಗಿದಳೆಂದರೆ ಹರಟುತ್ತಿದ್ದವರು ಬಾಯಿ ಮುಚ್ಚುತ್ತಿದ್ದರು, ಆಯಾ ನೆಲ ಒರೆಸುವ ಕೋಲನ್ನು ಹಿಡಿದಲ್ಲೇ ಹಿಡಿದು ನಿಲ್ಲುತ್ತಿದ್ದಳು.

ಮೇಜಿನ ಕೆಳಗೆ ವಿದ್ಯಾರ್ಥಿನಿಯ ಚೀಲವಿತ್ತು, ಚೀಲದಲ್ಲಿ ನೀಲಿ ರಟ್ಟಿನ ಪುಸ್ತಕ. ವಾರ್ಡಿಗೆ ತರಬೇತಿಗೆ ಬಂದವರು ಇಪ್ಪತ್ತು ಹೆರಿಗೆಗಳನ್ನು ನೋವು ಹಿಡಿದಲ್ಲಿಂದ ಕೊನೆತನಕ ನೋಡಿಕೊಂಡು, ಒಂದೊಂದರ ಚೌಕದಲ್ಲೂ ವಾರ್ಡಿನ ಸಿಸ್ಟರ್ ಕೈಯಿಂದ ಸಹಿ ಹಾಕಿಸಿಕೊಳ್ಳಬೇಕು. ಹತ್ತೊಂಬತ್ತು ಚೌಕಗಳಲ್ಲಿ ನಿಮಿಷದಕ್ಕನ ಸಹಿ ಇತ್ತು. ಇಪ್ಪತ್ತನೆಯದು ಖಾಲಿ. ಅದೇ ವಾರ್ಡಿನಲ್ಲಿ ಒಂದು ಕೆಲಸ ತೆರವಾಗಿತ್ತು, ಅದನ್ನು ಇವಳಿಗೇ ಕೊಡುವುದೆಂದು ಮಾತೂ ಆಗಿತ್ತು. ಆದರೆ ತುಂಬಿದ ಪುಸ್ತಕ ಸೋಮವಾರ, ಅಂದರೆ ಇವತ್ತೇ, ಸಂಜೆ ಐದರೊಳಗೆ ಕಚೇರಿ ಸೇರಬೇಕು. ತಪ್ಪಿದರೆ ಮುಂದಿನ ವರ್ಷ.

ಅವಳಿಗೆ ಮೂವತ್ತೆರಡು ವಯಸ್ಸು. ಹತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ತೋಳು ಜೋಡಿಸುವ ಮೆಷಿನ್ನಿನ ಮುಂದೆ ಕೂತು, ಆಮೇಲೆ ಓದಲು ಹೊರಟವಳು. ಓದಿನ ಮೂರು ವರ್ಷ ಅವಳ ಮಗಳು ಒಡಹುಟ್ಟಿದ ಅಕ್ಕನ ಮನೆಯಲ್ಲಿದ್ದಳು. ಇನ್ನೊಂದು ವರ್ಷ ನನ್ನ ಕೈಲಿ ಆಗಲ್ಲ ಎಂದು ಅಕ್ಕ ಮೊನ್ನೆಯೇ ಹೇಳಿಬಿಟ್ಟಿದ್ದಳು. ಅಕ್ಕನದೂ ತಪ್ಪಿರಲಿಲ್ಲ. ಏಳು ವರ್ಷದ ಹುಡುಗಿ ಈಚೆಗೆ ದೊಡ್ಡಮ್ಮನನ್ನೇ ಅಮ್ಮ ಎಂದು ಕರೆಯುತ್ತಿದ್ದಳು, ಕರೆದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಕೋಟು ಸಿದ್ಧವಾಯಿತು. ನಿಮಿಷದಕ್ಕನ ಗಂಡ, ಹಳೆಯ ಲಾರಿ ಮೆಕ್ಯಾನಿಕ್ಕು, ಹೆಂಡತಿಯ ತಲೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ. ನಲವತ್ತು ವರ್ಷ ಇಂಜಿನ್ನುಗಳ ಪಕ್ಕ ನಿಂತು ಅವನ ಕಿವಿ ಹೆಚ್ಚುಕಡಿಮೆ ಹೋಗಿತ್ತು. ಮನೆಯಲ್ಲಿ ಇಬ್ಬರ ಪಾಲಿಂದೂ ಅವಳೇ ಕೇಳಿಸಿಕೊಳ್ತಿದ್ಲು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಭಾನುವಾರ ಬೆಳಗ್ಗೆ ಅವಳು ಡ್ಯೂಟಿಗೆ ಹೊರಟು, ಬೂಟು ಹಾಕಿಕೊಳ್ಳಲು ಮೆಟ್ಟಿಲ ಮೇಲೆ ಕೂತಿದ್ದಳಂತೆ. ಒಂದು ಕಾಲಿಗೆ ಹಾಕಿದ್ದಳು. ಇನ್ನೊಂದು ಬೂಟು ಕೈಯಲ್ಲೇ ಇತ್ತು.

ಕೋಟಿನ ಜೇಬಿಗೆ ಸಿಕ್ಕಿಸುವ ಅವಳ ಗಡಿಯಾರವನ್ನು ಏನು ಮಾಡುವುದೆಂದು ಯಾರೋ ಕೇಳಿದರು. ನೆನಪಿಗೆ ಮನೆಯಲ್ಲಿಟ್ಟುಕೊಳ್ಳಿ ಎಂದರು. ಗಂಡ ತಲೆಯಾಡಿಸಿದ.

"ಅದಿಲ್ದೆ ಅವಳು ಬಾಗಿಲು ದಾಟಿದವಳಲ್ಲ. ಸಿಕ್ಕಿಸಮ್ಮ" ಎಂದು ವಿದ್ಯಾರ್ಥಿನಿಯ ಕೈಗೆ ಕೊಟ್ಟ.

ಅವಳು ಸಿಕ್ಕಿಸಿದಳು. ಮೂರು ದಿನದ ಹಿಂದೆ ಈ ಹೆಂಗಸಿಗೆ ತಾನು ಆಡಿದ ಮಾತು ನೆನಪಾಯಿತು. ಕ್ಷಮೆ ಕೇಳಲು ಸೋಮವಾರ ಇದ್ದೇ ಇದೆ ಅಂದುಕೊಂಡಿದ್ದಳು.

*

ಶುಕ್ರವಾರ ಮಧ್ಯಾಹ್ನ ಐದನೇ ಮಂಚದ ಹೆಂಗಸಿಗೆ ನೋವು ಜೋರಾಗಿತ್ತು. ವಿದ್ಯಾರ್ಥಿನಿ ಯಂತ್ರವನ್ನು ಹೊಟ್ಟೆಗೆ ಹಿಡಿದಳು. ಬಡಿತದ ಸದ್ದು ಬಂತು, ಅಂಕಿ ನೂರ ಇಪ್ಪತ್ತನಾಲ್ಕು ಎಂದು ತೋರಿಸಿತು. ಮಗುವಿಗೆ ಅದು ಒಳ್ಳೆಯ ಅಂಕಿ. ಬರೆದುಕೊಂಡಳು. ಅರ್ಧ ಗಂಟೆ ಬಿಟ್ಟು ಹಿಡಿದಾಗ ನೂರ ಇಪ್ಪತ್ತಾರು. ಅದನ್ನೂ ಬರೆದುಕೊಂಡಳು.

ನಿಮಿಷದಕ್ಕ ಬಂದು ಹಾಳೆ ನೋಡಿದಳು. ಎಣಿಸುವಾಗ ಇನ್ನೊಂದು ಕೈ ಎಲ್ಲಿತ್ತು ಎಂದು ಕೇಳಿದಳು. ವಿದ್ಯಾರ್ಥಿನಿಯ ಎರಡು ಬೆರಳನ್ನು ಹಿಡಿದು ಹೆಂಗಸಿನ ಮಣಿಕಟ್ಟಿನ ಮೇಲಿಟ್ಟಳು, ಯಂತ್ರವನ್ನು ಮೊದಲಿನ ಜಾಗದಲ್ಲೇ ಹಿಡಿದಳು. ಬೆರಳಿಗೆ ತಾಗಿದ್ದೂ ಕಿವಿಗೆ ಬಿದ್ದದ್ದೂ ಒಂದೇ ಬಡಿತ, ಒಂದೇ ವೇಗ. ನೋವಿನಲ್ಲಿ ಓಡುತ್ತಿದ್ದ ತಾಯಿಯ ನಾಡಿಯನ್ನೇ ಅವಳು ಅರ್ಧ ಗಂಟೆ ಮಗುವಿನದೆಂದು ಬರೆಯುತ್ತ ಕೂತಿದ್ದಳು.

ನಿಮಿಷದಕ್ಕ ಕೊಳವೆಯನ್ನು ನಾಲ್ಕು ಬೆರಳು ಕೆಳಗೆ ಇಟ್ಟು, ಕಿವಿ ಹಚ್ಚಿ, ಒಂದು ನಿಮಿಷ ಎಂದಳು. ನೂರ ನಲವತ್ತೆಂಟು. ಮಗುವಿಗೆ ಏನೂ ಆಗಿರಲಿಲ್ಲ. ಮುಂದಿನ ಗಂಟೆಯಲ್ಲಿ ಅದು ವಾರ್ಡೆಲ್ಲ ಕೇಳುವಂತೆ ಅರಚುತ್ತ ಹುಟ್ಟಿತು.

ಸಂಜೆ ವಿದ್ಯಾರ್ಥಿನಿ ಪುಸ್ತಕ ಚಾಚಿದಾಗ ನಿಮಿಷದಕ್ಕ ಪೆನ್ನು ತೆಗೆಯಲಿಲ್ಲ.

"ಮಗು ಚೆನ್ನಾಗಿದ್ಯಲ್ಲ ಸಿಸ್ಟರ್."

"ಚೆನ್ನಾಗಿದೆ. ಆದ್ರೆ ನೀನು ಅದನ್ನ ಕೇಳಿಸ್ಕೊಂಡಿಲ್ಲ."

ವಿದ್ಯಾರ್ಥಿನಿ ಬೇಡಿಕೊಂಡಳು. ಸೋಮವಾರ ಕೊನೆಯ ದಿನ ಎಂದಳು, ಮಗಳ ವಿಷಯ ಹೇಳಿದಳು. ನಿಮಿಷದಕ್ಕ ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ ತಾಳ್ಮೆ ಕೆಟ್ಟು ವಿದ್ಯಾರ್ಥಿನಿಯ ಬಾಯಿಂದ ಆ ಮಾತು ಜಾರಿತು.

"ನಿಮಗೇನು ಸಿಸ್ಟರ್. ಮನೇಲಿ ನಿಮಗೆ ಕಾಯೋ ಮಗು ಇಲ್ಲ."

ಔಷಧಿಯ ಗಾಡಿ ತಳ್ಳುತ್ತಿದ್ದವರು ಅಲ್ಲೇ ನಿಂತರು. ನಿಮಿಷದಕ್ಕನಿಗೆ ಮಕ್ಕಳಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಅದನ್ನು ಎತ್ತಿ ಆಡುತ್ತಿರಲಿಲ್ಲ. ಅವಳು ಪುಸ್ತಕವನ್ನು ಮಡಚಿ, ರಟ್ಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ ವಾಪಸು ಕೊಟ್ಟಳು.

"ಸೋಮವಾರ ಬೇಗ ಬಾ. ಒಟ್ಟಿಗೆ ಕೇಳೋಣ" ಎಂದಳು.

*

ಹಿತ್ತಲ ಮೆಟ್ಟಿಲ ಮೇಲೆ ವಿದ್ಯಾರ್ಥಿನಿ ಒಬ್ಬಳೇ ಕೂತಿದ್ದಾಗ ಕನ್ನಡಕದ ಸಿಸ್ಟರ್ ಬಂದು ಪಕ್ಕದಲ್ಲಿ ಕೂತಳು. ನಿಮಿಷದಕ್ಕನ ನಂತರದವಳು ಅವಳೇ, ಇವತ್ತಿನಿಂದ ವಾರ್ಡಿನ ಉಸ್ತುವಾರಿಯೂ ಅವಳದೇ. ಮೆತ್ತಗಿನ ಹೆಂಗಸು. ಯಾರ ಮುಖ ಬಾಡಿದರೂ ಅವಳಿಗೆ ಸಹಿಸಲಾಗುತ್ತಿರಲಿಲ್ಲ.

"ಪುಸ್ತಕ ಕೊಡು" ಎಂದಳು. "ಶುಕ್ರವಾರ ನಾನೂ ಡ್ಯೂಟೀಲಿದ್ದೆ. ಹೆರಿಗೆ ನೀನೇ ಮಾಡಿಸಿದ್ದು, ಅದು ಸುಳ್ಳಲ್ವಲ್ಲ. ನಾನು ಸಹಿ ಹಾಕ್ತೀನಿ."

ವಿದ್ಯಾರ್ಥಿನಿ ಪುಸ್ತಕ ತೆಗೆದಳು. ತಕ್ಷಣ ಬೇಡ ಅನ್ನಲಿಲ್ಲ ಎಂಬುದನ್ನು ಹೇಳಲೇಬೇಕು. ತೆಗೆದಳು, ಇಪ್ಪತ್ತನೇ ಚೌಕದ ಪುಟವನ್ನೂ ತೆರೆದಳು. ಮಗಳ ಬಟ್ಟೆಗಳನ್ನು ಅಕ್ಕನ ಮನೆಯಿಂದ ಯಾವ ಚೀಲದಲ್ಲಿ ತರುವುದೆಂಬುದು ಕೂಡ ಆ ಕ್ಷಣದಲ್ಲಿ ಅವಳ ತಲೆಯಲ್ಲಿ ಓಡಿಹೋಯಿತು.

ಹಿಂದಿನ ನಲ್ಲಿಯಲ್ಲಿ ಲೋಟ ತೊಳೆಯುತ್ತಿದ್ದ ಆಯಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಬೈಯಲು ಬಾಯಿ ತೆರೆದವಳು ಯಾಕೋ ಬೈಯಲಿಲ್ಲ. ಕೈ ಒರೆಸಿಕೊಂಡು ಬಂದು ಎದುರಿಗೆ ನಿಂತಳು.

"ಅವಳಿಗೆ ಈ ಕೆಲಸ ಹೇಗೆ ಸಿಕ್ತು ಅಂತ ನಿನಗೆ ಹೇಳಿದ್ಲಾ?"

ಇಲ್ಲವೆಂದು ವಿದ್ಯಾರ್ಥಿನಿ ತಲೆಯಾಡಿಸಿದಳು.

"ಹೇಳಿರಲ್ಲ. ನಾಚಿಕೆ ಅವಳಿಗೆ."

*

ಮೂವತ್ತೊಂದು ವರ್ಷದ ಹಿಂದೆ ನಿಮಿಷದಕ್ಕನಿಗೆ ಆ ಹೆಸರಿರಲಿಲ್ಲ. ಇಪ್ಪತ್ತೆಂಟರ ಹೆಂಗಸು, ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ವರ್ಷಗಟ್ಟಲೆ ರಕ್ತದ ಕಲೆ ತಿಕ್ಕುತ್ತಲೇ ಓದಿ ಪಾಸಾಗಿ, ನರ್ಸಿಂಗ್ ತರಬೇತಿಗೆ ಮೇಲಿನ ವಾರ್ಡಿಗೆ ಹತ್ತಿ ಬಂದವಳು. ಕೆಳಗಿನವಳು ಮೇಲೆ ಬಂದಳೆಂದು ಒಂದಿಬ್ಬರಿಗೆ ಹೊಟ್ಟೆಯುರಿ ಇತ್ತು. ತರಬೇತಿಯ ಕೊನೆಯ ವಾರ ಒಬ್ಬ ಬಸುರಿಯ ಹೊಟ್ಟೆಗೆ ಕಿವಿ ಹಚ್ಚಿದವಳಿಗೆ ಬಡಿತ ಬರೀ ಎಂಬತ್ತು ಕೇಳಿಸಿತು. ಮಗುವಿಗೆ ಎಂಬತ್ತು ಎಂದರೆ ಜೀವ ಹೋಗುವ ಲೆಕ್ಕ. ಅವಳು ಕೂಗಿಕೊಂಡಳು. ಊಟಕ್ಕೆ ಕೂತಿದ್ದ ಡಾಕ್ಟರು ಕೈ ತೊಳೆದು ಓಡಿಬಂದರು, ಆಪರೇಷನ್ ಕೋಣೆ ತೆರೆಯಿತು, ಬಸುರಿಯ ಗಂಡ ಗೋಡೆಗೆ ತಲೆ ಕೊಟ್ಟು ಅತ್ತ. ಡಾಕ್ಟರು ಬಸುರಿಯ ಕೈ ಹಿಡಿದು ನೋಡಿದರೆ ಎಂಬತ್ತು ಅವಳದೇ ನಾಡಿ. ಮಗು ನೂರ ನಲವತ್ತರಲ್ಲಿ ತಣ್ಣಗೆ ಮಲಗಿತ್ತು.

ಒಗೆಯೋ ಕೋಣೆಗೇ ವಾಪಸು ಹೋಗು ಎಂದರು ಡಾಕ್ಟರು, ಎಲ್ಲರ ಎದುರಿಗೆ. ಆಗಿನ ಹಿರಿಯ ಸಿಸ್ಟರ್ ಅವಳ ಪುಸ್ತಕದ ಕೊನೆಯ ಚೌಕವನ್ನು ಹಾಗೇ ಖಾಲಿ ಬಿಟ್ಟಳು.

ಮರುದಿನ ಬೆಳಗ್ಗೆ ಏಳಕ್ಕೆ ಅವಳು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿಕೊಂಡಿದ್ದವು. ಯಾಕೆ ಬಂದೆ ಎಂದು ಹಿರಿಯ ಸಿಸ್ಟರ್ ಕೇಳಿದಳು.

"ನಿನ್ನೆ ತಾಯೀನ ಕೇಳಿಸ್ಕೊಂಡೆ. ಇವತ್ತು ಮಗೂನ ಕೇಳಿಸ್ಕೊಳ್ಳೋಕೆ ಬಂದೆ."

ವಾರ್ಡಿನಲ್ಲಿ ಅವತ್ತು ಹದಿನಾಲ್ಕು ಬಸುರಿಯರಿದ್ದರು. ಒಬ್ಬೊಬ್ಬರ ಹತ್ತಿರವೂ ಮಂಡಿಯೂರಿ, ಒಂದು ಕೈಯ ಬೆರಳುಗಳನ್ನು ಮಣಿಕಟ್ಟಿನ ಮೇಲಿಟ್ಟು, ಕೊಳವೆಗೆ ಕಿವಿ ಕೊಟ್ಟು ಒಂದೊಂದು ನಿಮಿಷ ಎಣಿಸಿದಳು. ಸಂಶಯ ಬಂದಲ್ಲಿ ಮತ್ತೆ ಎಣಿಸಿದಳು. ಹಿರಿಯ ಸಿಸ್ಟರ್ ಹಿಂದೆಯೇ ಹೋಗಿ ತಾನೂ ಎಣಿಸಿ ತಾಳೆ ನೋಡಿದಳು. ಮುಗಿಯುವಾಗ ಮಧ್ಯಾಹ್ನವಾಗಿತ್ತು. ನಕ್ಕವರು ಬೆಳಗ್ಗೆಯೆಲ್ಲ ನಕ್ಕು, ಸುಸ್ತಾಗಿ ಬಿಟ್ಟಿದ್ದರು.

"ನಾನು ಆ ವಾರ ಹೊಸದಾಗಿ ಸೇರಿದ್ದೆ" ಎಂದಳು ಆಯಾ. "ನನ್ನ ಬಕೆಟ್ಟಿನ ಹಿಡಿ ಕಿರ್ ಅಂತಿತ್ತು. ಎಣಿಸ್ತಾ ಎಣಿಸ್ತಾ ನನ್ನ ಕಡೆ ಒಂದು ನೋಟ ನೋಡಿದ್ಲು. ಅವತ್ತು ಕೈ ನಿಲ್ಲಿಸಿದವಳು ಇವತ್ತಿನ ತನಕ ನಿಲ್ಲಿಸ್ತಾನೇ ಬಂದೆ. ಹದಿನಾಲ್ಕನೇ ಮಂಚ ಆದ್ಮೇಲೆ ಹಿರಿಯ ಸಿಸ್ಟರ್ ಚೌಕ ತುಂಬಿಸಿದ್ರು. ಕೆಲಸಕ್ಕೆ ತಗೊಳ್ಳಿ ಅಂತ ಆ ಡಾಕ್ಟರಿಗೂ ಅವರೇ ಹೇಳಿದ್ದು."

*

ಶುಕ್ರವಾರದ ಖಾಲಿ ಚೌಕವನ್ನು ಮೂರು ದಿನದಿಂದ ವಿದ್ಯಾರ್ಥಿನಿ ಕಪಾಳಕ್ಕೆ ಬಿದ್ದ ಏಟಿನ ಹಾಗೆ ಹೊತ್ತು ತಿರುಗಿದ್ದಳು. ನಿಮಿಷದಕ್ಕ ತನಗೆ ಸಿಕ್ಕಿದ್ದನ್ನೇ ಇವಳಿಗೂ ಎತ್ತಿಟ್ಟಿದ್ದಳು. ಇನ್ನೊಂದು ಬೆಳಗ್ಗೆ, ಅಷ್ಟೆ. ಅದು ತಿಳಿದಾಗ ಮೊದಲ ಬಾರಿಗೆ ಅವಳಿಗೆ ಅಳು ಬಂತು, ಸೆರಗಿನಲ್ಲಿ ಮುಖ ಹುದುಗಿಸಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಪುಸ್ತಕವನ್ನು ಮಡಚಿದಳು.

"ಬೇಡ ಸಿಸ್ಟರ್. ಇವತ್ತು ಇನ್ನೊಂದು ನೋಡ್ತೀನಿ."

ಕನ್ನಡಕದ ಸಿಸ್ಟರ್ ಮುಖ ಸಪ್ಪೆ ಮಾಡಿಕೊಂಡಳು. ಹೆರಿಗೆ ನಿನ್ನ ಗಡಿಯಾರ ನೋಡಿಕೊಂಡು ಆಗಲ್ಲ, ಐದಕ್ಕೆ ಕಚೇರಿಗೆ ಬೀಗ ಬೀಳುತ್ತೆ, ಹಟ ಮಾಡಿ ಕೈಗೆ ಬಂದದ್ದನ್ನ ಕಳ್ಕೋಬೇಡ ಎಂದಳು. ವಿದ್ಯಾರ್ಥಿನಿ ಹೂಂಗುಟ್ಟಿದಳು, ಪುಸ್ತಕ ಮಾತ್ರ ತೆರೆಯಲಿಲ್ಲ. ಕೊನೆಗೆ ಸಿಸ್ಟರೇ ಸೋತು, ಮೂರನೇ ಮಂಚಕ್ಕೆ ಬೆಳಗ್ಗೆ ಒಬ್ಬಳು ಬಂದಿದ್ದಾಳೆ, ಎರಡನೇ ಹೆರಿಗೆ, ನೋವು ಇನ್ನೂ ಸರಿಯಾಗಿ ಹಿಡಿದಿಲ್ಲ ಎಂದು ತಿಳಿಸಿದಳು. ಮಣ್ಣಾದ ಕೂಡಲೇ ಹೊರಟರೆ ಸಿಗಬಹುದು, ಸಿಗದೆಯೂ ಇರಬಹುದು.

ಸ್ಮಶಾನದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದ ಮೇಲೆ ಆಸ್ಪತ್ರೆಯ ದೊಡ್ಡ ಡಾಕ್ಟರು ಮುಂದೆ ಬಂದು ನಾಲ್ಕು ಮಾತಾಡಿದರು. ಸೇವೆ ಎಂದರು, ತುಂಬಲಾರದ ನಷ್ಟ ಎಂದರು. ಆಯಾ ಪಕ್ಕದಲ್ಲಿ ಕಾಲು ಬದಲಿಸುತ್ತ ನಿಂತಿದ್ದಳು. ಎಲ್ಲರೂ ಒಂದು ನಿಮಿಷ ಮೌನವಾಗಿ ನಿಲ್ಲೋಣ ಎಂದು ಹೇಳಿ ಡಾಕ್ಟರು ತಲೆ ತಗ್ಗಿಸಿದರು.

ವಿದ್ಯಾರ್ಥಿನಿಯ ಬಲಗೈ ತಾನಾಗಿ ಎಡಗೈಯ ಮಣಿಕಟ್ಟಿಗೆ ಹೋಯಿತು. ಎಣಿಸತೊಡಗಿದಳು. ಮೂವತ್ತಾರಕ್ಕೆ ಬಂದಿದ್ದಳು, ಹೆಚ್ಚೆಂದರೆ ಇಪ್ಪತ್ತೈದು ಸೆಕೆಂಡು, ಡಾಕ್ಟರು ತಲೆಯೆತ್ತಿ ಧನ್ಯವಾದ ಎಂದರು.

ಯಾರೂ ಅಲ್ಲಾಡಲಿಲ್ಲ.

ಇಪ್ಪತ್ತೆರಡು ನರ್ಸುಗಳು, ಮೂವರು ಆಯಾಗಳು ತಗ್ಗಿಸಿದ ತಲೆ ತಗ್ಗಿಸಿಯೇ ನಿಂತಿದ್ದರು. ಹಲವರ ಕಣ್ಣು ಜೇಬಿನ ಗಡಿಯಾರದ ಮೇಲಿತ್ತು. ಗುಂಡಿ ತೋಡಿದವನು ಎತ್ತಿದ ಸಲಿಕೆಯನ್ನು ಮೆಲ್ಲಗೆ ಇಳಿಸಿದ. ಡಾಕ್ಟರು ಸುತ್ತ ನೋಡಿ, ಇನ್ನೊಂದು ಮಾತಿಗೆ ಬಾಯಿ ತೆರೆದು, ಏನೋ ಹೊಳೆದಂತಾಗಿ ಮತ್ತೆ ತಲೆ ತಗ್ಗಿಸಿದರು. ಕಿವಿ ಕೇಳದ ಗಂಡ ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ಅವನಿಗೆ ಅರ್ಥವಾಗಿತ್ತು. ವಿದ್ಯಾರ್ಥಿನಿ ಎಂಬತ್ತೆಂಟಕ್ಕೆ ಮುಟ್ಟಿದಾಗ ಎಲ್ಲರೂ ಒಟ್ಟಿಗೆ ತಲೆಯೆತ್ತಿದರು.

ಆಮೇಲೆ ಮಣ್ಣು ಬಿತ್ತು. ಒಂದು ಹಿಡಿ ಹಾಕಿ ವಿದ್ಯಾರ್ಥಿನಿ ಹೊರಟಳು. ಕೈ ತೊಳೆದುಕೊಂಡದ್ದು ಆಸ್ಪತ್ರೆಯ ನಲ್ಲಿಯಲ್ಲೇ.

*

ಮೂರನೇ ಮಂಚದವಳು ಸತಾಯಿಸಿದಳು. ಒಂದು ಗಂಟೆಯಾಯಿತು, ಎರಡಾಯಿತು, ನೋವು ಬಂದು ಬಂದು ಹೋಗುತ್ತಿತ್ತು. ವಿದ್ಯಾರ್ಥಿನಿ ಅವಳ ಸೊಂಟ ನೀವಿದಳು, ನೀರು ಕುಡಿಸಿದಳು, ಅರ್ಧ ಅರ್ಧ ಗಂಟೆಗೆ, ಆಮೇಲೆ ಇನ್ನೂ ಬೇಗ ಬೇಗ, ಒಂದು ಕೈಯನ್ನು ಮಣಿಕಟ್ಟಿನ ಮೇಲಿಟ್ಟು ಕೊಳವೆಗೆ ಕಿವಿ ಕೊಟ್ಟಳು. ಬೆರಳಿನಡಿ ತೊಂಬತ್ತಾರು, ಕಿವಿಯಲ್ಲಿ ನೂರ ನಲವತ್ತೆರಡು. ಎರಡನ್ನೂ ಬರೆದಳು. ಗೋಡೆಯ ಗಡಿಯಾರವನ್ನು ಎಣಿಸಲು ನೋಡಿದ್ದು ಬಿಟ್ಟರೆ ಹೊತ್ತು ಎಷ್ಟಾಯಿತೆಂದು ನೋಡಲಿಲ್ಲ, ನೋಡಿದರೆ ಧೈರ್ಯ ಕೆಡುತ್ತಿತ್ತು. ಅಕ್ಕನಿಗೆ ಏನು ಹೇಳುವುದೆಂದು ಮನಸ್ಸಿನ ಒಂದು ಮೂಲೆ ಆಗಲೇ ಮಾತು ಜೋಡಿಸುತ್ತಿತ್ತು. ಅದರ ಬಾಯಿ ಮುಚ್ಚಿಸಿ ಕೆಲಸ ನೋಡಿದಳು.

ಮೂರೂವರೆಗೆ ನೋವು ಬಿಡದೆ ಹಿಡಿಯಿತು. ನಾಲ್ಕು ಹೊಡೆದು ಏಳು ನಿಮಿಷಕ್ಕೆ ಹೆಣ್ಣು ಮಗು ಹುಟ್ಟಿತು. ಮಾಸು ಬಿದ್ದು, ತಾಯಿಯನ್ನು ಒರೆಸಿ, ಮಗುವನ್ನು ಎದೆಗೆ ಕೊಟ್ಟು ಮುಗಿಸುವಾಗ ನಾಲ್ಕೂ ಮುಕ್ಕಾಲಿಗೆ ಹತ್ತಿರ. ಕನ್ನಡಕದ ಸಿಸ್ಟರ್ ಹಾಳೆಯನ್ನು ಮೊದಲಿನಿಂದ ಕೊನೆತನಕ ಓದಿದಳು, ಪ್ರತಿ ಸಾಲಿನಲ್ಲೂ ಎರಡೆರಡು ಅಂಕಿ ನೋಡಿ ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ ಇಪ್ಪತ್ತನೇ ಚೌಕದಲ್ಲಿ ಸಹಿ ಹಾಕಿದಳು.

"ಓಡು" ಎಂದಳು ಆಯಾ, ನೆಲ ಒರೆಸುತ್ತಲೇ. "ಅಂಗಳ ದಾಟಿ ಎಡಗಡೆ ಮೆಟ್ಟಿಲು. ಆ ಗುಮಾಸ್ತ ಐದಕ್ಕೆ ಐದು ನಿಮಿಷ ಇದ್ದ ಹಾಗೇ ಬೀಗ ಹುಡುಕ್ತಾನೆ."

ವಿದ್ಯಾರ್ಥಿನಿ ಪುಸ್ತಕವನ್ನು ಕಂಕುಳಲ್ಲಿ ಒತ್ತಿಕೊಂಡು ಬಾಗಿಲ ಕಡೆ ಧಾವಿಸಿದಳು. ಬಾಗಿಲ ಪಕ್ಕದ ಮಂಚದಲ್ಲಿ ಆಗಷ್ಟೇ ಬಂದು ಮಲಗಿದ್ದ ಹೆಂಗಸು, ಇನ್ನೂ ಎಳೆಯ ಮುಖದವಳು, ಅವಳ ಕೋಟಿನ ಅಂಚು ಹಿಡಿದಳು.

"ಸಿಸ್ಟರ್, ಮಧ್ಯಾಹ್ನದಿಂದ ನನ್ನ ಮಗು ಅಲ್ಲಾಡ್ತಾ ಇಲ್ಲ ಅನ್ಸತ್ತೆ."

ಬೇರೆಯವರನ್ನು ಕರೆಯುತ್ತೇನೆ, ನೀನು ಹೋಗು ಎಂದು ಆಯಾ ಹಿಂದಿನಿಂದ ಹೇಳಿದಳು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹನ್ನೊಂದು ನಿಮಿಷವಿತ್ತು. ವಿದ್ಯಾರ್ಥಿನಿ ಬಾಗಿಲನ್ನು ನೋಡಿದಳು. ನೀಲಿ ಪುಸ್ತಕವನ್ನು ಮಂಚದ ತುದಿಯಲ್ಲಿಟ್ಟು ಮಂಡಿಯೂರಿ ಕೂತಳು, ಎಡಗೈಯ ಎರಡು ಬೆರಳನ್ನು ಆ ಹೆಂಗಸಿನ ಮಣಿಕಟ್ಟಿನ ಮೇಲಿಟ್ಟಳು, ಕೊಳವೆಗೆ ಕಿವಿ ಹಚ್ಚಿದಳು.

"ಹೇಗಿದೆ ಸಿಸ್ಟರ್? ಇದ್ಯಾ?"

"ಒಂದು ನಿಮಿಷ" ಎಂದಳು ಅವಳು, ತಲೆಯೆತ್ತದೆ.

ವಾರೆಯಾಗಿ ಬಾಗಿದ ಅವಳ ಕಣ್ಣಿಗೆ ವಾರ್ಡಿನ ನೆಲ ಮಾತ್ರ ಕಾಣುತ್ತಿತ್ತು. ನಾಲ್ಕು ಮಾರು ದೂರದಲ್ಲಿ ಒರೆಸುವ ಕೋಲು ನಿಂತಿತ್ತು. ಅದರ ಬಟ್ಟೆಯಿಂದ ನೀರು ಬಸಿದು ಆಯಾಳ ಬರಿಗಾಲಿನ ಸುತ್ತ ಹರಡುತ್ತಿತ್ತು, ಆಯಾ ಅದನ್ನು ಒರೆಸದೆ ನಿಂತಿದ್ದಳು.